ಟಿವಿಯವರ ಕುಬಸಕ್ಕೆ ಬಳೆ ಇಟ್ಟ ಬಾಷಾಬಿ

ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಬಾಷಾಬಿ ಯಮನೂರಿನ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ಎಡಗಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿ ನೋಡುತ್ತಿದ್ದಳು. ಸೀಳಿಲ್ಲದ ಬಳೆ ಸಣ್ಣಗೆ ಗುಂಯ್ ಎನ್ನುತ್ತದೆ. ಕೂದಲೆಳೆಯಷ್ಟು ಸೀಳಿದ್ದರೂ ಸದ್ದು ಹುಟ್ಟಿದಲ್ಲೇ ಸಾಯುತ್ತದೆ. ಗಾಜಿನ ಉಂಗುರ ಅಖಂಡವಾಗಿದ್ದರೆ ಕಂಪನ ಅದರ ಸುತ್ತ ಓಡಾಡುತ್ತದೆ, ಸೀಳಿದ್ದರೆ ಇಲ್ಲ. ಇದರಲ್ಲಿ ಗುಟ್ಟೇನೂ ಇಲ್ಲ. ಆದರೆ ಕಣ್ಣಿಗೆ ಕಾಣದ ಸೀಳನ್ನು ಕಿವಿಯಿಂದ ಹಿಡಿಯಲು ರೂಢಿ ಬೇಕು, ಮತ್ತು ಸುತ್ತ ಗದ್ದಲ ಇರಬಾರದು. ಒಳಗೆ ಗಂಡ ರಹಿಮಾನಸಾಬ ಮೊಬೈಲಿನಲ್ಲಿ ಹಾಡು ಹಚ್ಚಿದ್ದ.

"ಅದನ್ನಷ್ಟ ಬಂದ್ ಮಾಡ್ರಿ. ಬಳಿ ಸಪ್ಪಳ ಕೇಳಸವಲ್ದು," ಎಂದು ಕೂಗಿದಳು.

"ಇವತ್ತ ಟಿವ್ಯಾಗ ಬರಾಕಿ ನೀನು. ನಾಳಿಂದ ನಂದೂ ಕೇಳಸೂದಿಲ್ಲ ಬಿಡು ನಿನಗ," ಎಂದು ಅವನು ನಗುತ್ತ ಹಾಡು ನಿಲ್ಲಿಸಿದ.

ಅವತ್ತು ರವಿವಾರ. ತಿರ್ಲಾಪುರದಲ್ಲಿ ಒಂದು ಕುಬಸ ಇತ್ತು. ಬಸುರಿಗೆ ಏಳನೆಯ ತಿಂಗಳಲ್ಲಿ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಟ್ಟು, ಉಡಿ ತುಂಬಿ ಹಾಡು ಹೇಳುವ ಕಾರ್ಯಕ್ಕೆ ನಮ್ಮ ಕಡೆ ಕುಬಸ ಎನ್ನುತ್ತಾರೆ. ಅವತ್ತಿನ ಬಸುರಿಯ ಹೆಸರು ಶಾಂಭವಿ. ಆಕೆ ತಿರ್ಲಾಪುರದ ಯಾವ ಮನೆಯ ಮಗಳೂ ಅಲ್ಲ, ಸೊಸೆಯೂ ಅಲ್ಲ. ದಿನಾ ಸಂಜೆ ಏಳಕ್ಕೆ ಬರುವ 'ಮನೆತನದ ಮಡಿಲು' ಎಂಬ ಧಾರಾವಾಹಿಯ ನಾಯಕಿ.

ಬಾಷಾಬಿಗೆ ಆಗ ಐವತ್ತೆಂಟು ವರ್ಷ. ತವರು ಕುಬಿಹಾಳ. ಮದುವೆಯಾಗಿ ಯಮನೂರಿಗೆ ಬಂದ ವರ್ಷವೇ ಅತ್ತೆ ಆಕೆಯ ತಲೆಯ ಮೇಲೆ ಬಳೆ ಬುಟ್ಟಿ ಇಟ್ಟಿದ್ದಳು. ಅತ್ತೆ ಕಲಿಸಿದ ಮೊದಲ ಪಾಠ ಬಳೆಯದಲ್ಲ, ಮಾತಿನದು. ಕೈ ಹಿಡಿದ ಕೂಡಲೇ ಎದುರಿನವಳನ್ನು ಮಾತಿಗೆ ಎಳೆಯಬೇಕು. ಮನಸ್ಸು ಮಾತಿನ ಕಡೆ ಹೋದರೆ ಮುಷ್ಟಿ ತಾನಾಗಿ ಸಡಿಲಾಗುತ್ತದೆ, ಬಳೆ ನೋವಿಲ್ಲದೆ ಗೆಣ್ಣು ದಾಟುತ್ತದೆ. ಹಾಗಾಗಿ ಸುತ್ತಲಿನ ಎಂಟು ಹತ್ತು ಹಳ್ಳಿಗಳಲ್ಲಿ ಯಾರ ಕೈ ಎಷ್ಟು ಗಡುಸು, ಯಾರು ಯಾವ ಮಾತಿಗೆ ಸಡಿಲಾಗುತ್ತಾರೆ ಎಂಬುದು ಬಾಷಾಬಿಗೆ ಗೊತ್ತು. ಲಿಂಗಾಯತರ ಮನೆಯ ಕುಬಸವಿರಲಿ, ಹೊಲೆಗೇರಿಯ ಕುಬಸವಿರಲಿ, ಬಳೆ ಇಡಲು ಬಾಷಾಬಿಯೇ ಬರಬೇಕು. ಬಳೆ ಒಡೆಯಿತು ಎಂಬ ಮಾತನ್ನು ಆಕೆ ಆಡುವುದಿಲ್ಲ, ಹೆಚ್ಚಾಯಿತು ಎನ್ನುತ್ತಾಳೆ. ವಿಧವೆಯರಿಗೂ ಸಂಕೋಚವಿಲ್ಲದೆ ಎರಡೆರಡು ಬಳೆ ಇಟ್ಟು, "ಕೈ ನಿಂದು, ಊರಂದಲ್ಲ" ಎಂದು ಹೇಳಿ ಎದ್ದು ಹೋಗುತ್ತಾಳೆ.

ಸಂಜೆ ಬುಟ್ಟಿ ಇಳಿಸಿದ ಮೇಲೆ ಆಕೆಯೂ ಆ ಧಾರಾವಾಹಿ ನೋಡುತ್ತಿದ್ದಳು. ಅತ್ತೆ ಶಾಂಭವಿಯನ್ನು ಮೆಟ್ಟಿಲಿನಿಂದ ತಳ್ಳಿದ ದಿನ ಅತ್ತು, ಊಟ ಬೇಡವೆಂದು ಮಲಗಿದ್ದಳು. ಇದನ್ನು ಹೇಳಲೇಬೇಕು, ಯಾಕೆಂದರೆ ಮುಂದೆ ಆದದ್ದೆಲ್ಲ ಈ ಪ್ರೀತಿಯನ್ನೇ ಹಿಡಿದು ಆದದ್ದು.

ಧಾರಾವಾಹಿಗೆ ನೋಡುಗರು ಕಡಿಮೆಯಾಗುತ್ತಿದ್ದರು. ಅವರನ್ನು ಮರಳಿ ಎಳೆತರುವ ಕೆಲಸವನ್ನು ವಾಹಿನಿಯವರು ಬೆಂಗಳೂರಿನ ಒಂದು ಪ್ರಚಾರ ಕಂಪನಿಗೆ ಒಪ್ಪಿಸಿದರು. ಕಂಪನಿಯವರು ಮೊದಲು ನಮ್ಮ ಹಳ್ಳಿಗಳಲ್ಲಿ ಓಡಾಡಿ ವಿಚಾರಿಸಿದರು. ಅರಿಷಿಣ ಕುಂಕುಮ ಹಚ್ಚಿ ಕುಬಸಕ್ಕೆ ಕರೆದರೆ ಇಲ್ಲಿಯ ಹೆಣ್ಣುಮಕ್ಕಳು ಹೋಗದೆ ಇರುವುದಿಲ್ಲ, ಬರಿಗೈಯಲ್ಲಿ ಹೋಗುವುದೂ ಇಲ್ಲ ಎಂದು ತಿಳಿದುಕೊಂಡರು. ತಿಳಿದ ಮೇಲೆ ಕಾರ್ಡು ಅಚ್ಚು ಹಾಕಿಸಿದರು. 'ನಮ್ಮ ಮನೆಮಗಳು ಚಿ. ಸೌ. ಶಾಂಭವಿಯ ಕುಬಸಕ್ಕೆ ತಾವೆಲ್ಲರೂ ಬಂದು ಉಡಿ ತುಂಬಿ ಹರಸಬೇಕು.' ಕಾರ್ಡಿನ ನಾಲ್ಕೂ ಮೂಲೆಗೆ ಅರಿಷಿಣ. ಹಸಿರು ಸೀರೆಯುಟ್ಟ ನಾಲ್ಕು ಹುಡುಗಿಯರು ಮನೆಮನೆಗೆ ಹೋಗಿ ಕುಂಕುಮ ಹಚ್ಚಿ ಕರೆದರು. ಊರಿನವರು ಅದನ್ನು ಕರೆ ಎಂದೇ ತಿಳಿದರು. ತಿರ್ಲಾಪುರದ ಓಣಿಗಳಲ್ಲಿ ಹಿಂದಿನ ದಿನವೇ ಸಜ್ಜಿರೊಟ್ಟಿ ಬಡಿದರು, ಎಳ್ಳು ಹಚ್ಚಿದರು, ಮಾದಲಿ ಮಾಡಿದರು. ಇಲ್ಲದ ಬಸುರಿಗೆ ಇರುವ ಮನೆಗಳಿಂದ ಬುತ್ತಿ ಹೋಯಿತು. ನಂಬಿದವರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಕುಂಕುಮದ ಅರ್ಥ ತಿಳಿದುಕೊಂಡು, ಅದನ್ನೇ ಗಾಳದ ತುದಿಗೆ ಸಿಕ್ಕಿಸಿದವರ ಬಗ್ಗೆ ಹೇಸಿಗೆ ಎನ್ನುವುದಕ್ಕಿಂತ ಸೌಮ್ಯವಾದ ಮಾತು ನನಗೆ ಹೊಳೆಯುವುದಿಲ್ಲ.

ಕಂಪನಿಯ ಪರವಾಗಿ ಬಂದವನು ಸುದೀಪ. ಮೂವತ್ತರ ಒಳಗಿನವನು, ಮಾತು ಮೃದು, ಎಲ್ಲರಿಗೂ ನಮಸ್ಕಾರ ಮಾಡುತ್ತಿದ್ದ. ವೇದಿಕೆಯ ಮೇಲೆ ನಟಿಯ ಬಾಜು ಊರಿನ ನಿಜವಾದ ಬಸುರಿಯೊಬ್ಬಳು ಕೂತರೆ ಚೆನ್ನ ಎಂದು ಅವನಿಗೆ ಅನಿಸಿತು. ಊರಿನವರು ಶಾರದವ್ವನ ಸೊಸೆ ಶಿವಾನಿಯ ಹೆಸರು ಹೇಳಿದರು. ಏಳು ತಿಂಗಳು ತುಂಬಿತ್ತು. ಶಿವಾನಿಗೆ ತಾಯಿ ಇರಲಿಲ್ಲ, ತವರಿನಿಂದ ಕುಬಸ ಮಾಡುವವರೂ ಇರಲಿಲ್ಲ. ಅದಕ್ಕೂ ಮುಖ್ಯವಾದದ್ದು, ಹಿಂದೆ ಎರಡು ಸಲ ಆಕೆಯ ಬಸಿರು ನಿಂತಿರಲಿಲ್ಲ. ಒಂದು ಮೂರು ತಿಂಗಳಿಗೆ, ಇನ್ನೊಂದು ಐದಕ್ಕೆ ಹೋಗಿತ್ತು. ಈ ಸಲದ ಕೂಸು ಉಳಿಯಬೇಕು ಎನ್ನುವುದೊಂದೇ ಆಕೆಗೂ ಗಂಡ ಈರೇಶನಿಗೂ ಇದ್ದ ಯೋಚನೆ. ಶಾರದವ್ವ ಮಾತ್ರ, "ಟಿವ್ಯಾಗಿನ ಮಂದಿ ಹರಸಿದ್ರ ಛಲೋನ ಆತಲ್ಲ" ಎಂದು ಒಪ್ಪಿಕೊಂಡಳು.

ಊರ ಮುಂದಿನ ಬಯಲಿನಲ್ಲಿ ವೇದಿಕೆ. ಎರಡು ಬದಿಗೆ ಆಳೆತ್ತರದ ಧ್ವನಿವರ್ಧಕಗಳು. ಧಾರಾವಾಹಿಯ ಹಾಡು ಬಿಡುವಿಲ್ಲದೆ ಮೊಳಗುತ್ತಿತ್ತು. ಎದೆಯ ಗೂಡು ನಡುಗುವಷ್ಟು. ಸುದೀಪ ಬಾಷಾಬಿಯ ಕೈಗೆ ಒಂದು ಮಲಾರ ಕೊಟ್ಟ. ಮಲಾರ ಎಂದರೆ ದಾರಕ್ಕೆ ಪೋಣಿಸಿದ ಬಳೆಗಳ ಸರ.

"ಅಮ್ಮಾ, ಮೇಡಂಗೆ ಇದನ್ನೇ ಇಡಿ. ಆ ಹುಡುಗಿಗೆ ನಿಮ್ಮ ಬಳೆ ಇಡಿ. ಆಯ್ತಾ?" ಎಂದು ಆಕೆಯ ಕಿವಿಯಲ್ಲಿ ಕೂಗಿದ.

ಬಾಷಾಬಿ ತಲೆ ಆಡಿಸಿದಳು. ಆದರೆ ಹಾಗೆ ಮಾಡಲಿಲ್ಲ. ಒಂದೇ ಸಾಲಿನಲ್ಲಿ ಇಬ್ಬರು ಬಸುರಿಯರು ಕೂತರೆ ಇಬ್ಬರಿಗೂ ಒಂದೇ ಮಲಾರದ ಬಳೆ ಇಡಬೇಕು ಎಂಬುದು ಆಕೆಯ ಅತ್ತೆಯ ಕಾಲದಿಂದ ಬಂದ ರೀತಿ. ಬೇರೆ ಬೇರೆ ಇಟ್ಟರೆ ಒಬ್ಬಳ ಕೂಸಿನ ಪಾಲು ಇನ್ನೊಬ್ಬಳಿಗೆ ಹೋಗುತ್ತದೆ ಎಂದು ನಂಬಿಕೆ. ನಟಿ ಬಸುರಿಯ ವೇಷ ಹಾಕಿದವಳು ಎಂಬುದು ಆಕೆಗೆ ಗೊತ್ತಿಲ್ಲದೆ ಏನಿಲ್ಲ. ಆದರೂ ಹಸಿರು ಸೀರೆಯುಟ್ಟು ಉಡಿ ಒಡ್ಡಿ ಕೂತವಳನ್ನು ನೋಡಿದಾಗ ಅದು ಲೆಕ್ಕಕ್ಕೆ ಬರಲಿಲ್ಲ. ಶಿವಾನಿಯ ಪಾಲು ಕಡಿಮೆಯಾಗಬಾರದು, ಅಷ್ಟೇ ಮನಸ್ಸಿನಲ್ಲಿದ್ದದ್ದು. ಕಂಪನಿಯ ಬಳೆಗಳನ್ನು ಬೆರಳಿನಿಂದ ಸವರಿದಾಗ ಒಳಮೈ ಅಲ್ಲಲ್ಲಿ ತರಿತರಿ ಎನಿಸಿತು. ಅಗ್ಗದ ಮಾಲು ಎಂದುಕೊಂಡಳು. ಕಿವಿಗೆ ಹಿಡಿದು ತಟ್ಟಿದಳು. ಧ್ವನಿವರ್ಧಕದ ಅಬ್ಬರದಲ್ಲಿ ಏನೂ ಕೇಳಿಸಲಿಲ್ಲ. ಇಬ್ಬರಿಗೂ ಅದೇ ಮಲಾರದಿಂದ ಇಟ್ಟಳು.

ಸೋಬಾನೆ ಹಾಡು ಶುರುವಾಯಿತು. ಹೆಂಗಸರು ಸಾಲಾಗಿ ಬಂದು ಉಡಿ ತುಂಬಿದರು. ಆಮೇಲೆ ಧಾರಾವಾಹಿಯ ಅತ್ತೆಯ ಪಾತ್ರದವಳು ಆರತಿ ತಟ್ಟೆ ಹಿಡಿದು ಬಂದು, ಎಡವಿದಂತೆ ಮಾಡಿ ತಟ್ಟೆಯನ್ನು ನಟಿಯ ಕೈಗೆ ಬಡಿದಳು. ನಟಿಯ ಬಳೆಗಳು ಚೂರುಚೂರಾಗಿ ಉದುರಿದವು. ಹಾಡು ಅಲ್ಲಿಗೇ ನಿಂತಿತು. ಮೊದಲೇ ತಿರುಗಿಸಿಟ್ಟಿದ್ದ ಮೂರು ಕ್ಯಾಮೆರಾಗಳು ನಟಿಯನ್ನು ನೋಡುತ್ತಿರಲಿಲ್ಲ, ಎದುರಿಗೆ ಕೂತ ಹೆಂಗಸರನ್ನು ನೋಡುತ್ತಿದ್ದವು.

"ಅಯ್ಯ ನಮ್ಮವ್ವ!" ಎಂದು ಬಯಲಿಗೆ ಬಯಲೇ ಚೀರಿತು. ಶಿವಾನಿ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಕೈ ಕುರ್ಚಿಯ ಹಿಡಿಗೆ ತಾಗಿತು. ಆಕೆಯ ಹಸಿರು ಬಳೆಗಳೂ ಒಂದೂ ಉಳಿಯದಂತೆ ಉದುರಿ ಮಡಿಲಲ್ಲಿ ಬಿದ್ದವು. ಒಂದು ತುಂಡು ಮಣಿಕಟ್ಟು ಕೊಯ್ದು ರಕ್ತ ಒಸರಿತು. ಆಕೆ ಹೊಟ್ಟೆ ಹಿಡಿದುಕೊಂಡು ಬಾಷಾಬಿಯ ಮುಖ ನೋಡಿದಳು. ಮೂರರಲ್ಲಿ ಒಂದು ಕ್ಯಾಮೆರಾ ಇದನ್ನು ಹಿಡಿಯಿತು.

ಎರಡನೆಯ ದಿನದಿಂದಲೇ ಆ ಮುಖ ಟಿವಿಯಲ್ಲಿ ಬರತೊಡಗಿತು. ಅರ್ಧ ಗಂಟೆಗೊಮ್ಮೆ ಶಿವಾನಿ ಹೊಟ್ಟೆ ಹಿಡಿದುಕೊಂಡು ನೋಡುವುದು, ಹಿಂದೆ ಗುಡುಗಿನ ಸದ್ದು, ಮೇಲೆ ಕೆಂಪು ಅಕ್ಷರ: 'ಶಾಂಭವಿಯ ಬಳೆ ಒಡೆದದ್ದೇಕೆ? ಉತ್ತರ ಸೋಮವಾರ ಸಂಜೆ ಏಳಕ್ಕೆ.' ಊರಿಗೆ ಪರದೆ ಕಟ್ಟಿದ ವ್ಯಾನು ಬಂತು. ಅತ್ತೆಯ ಸಂಚು ಎನ್ನುವವರು ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಡಬೇಕು, ಕೆಟ್ಟ ದೃಷ್ಟಿ ಎನ್ನುವವರು ಇನ್ನೊಂದಕ್ಕೆ, ದೇವರ ಮುನಿಸು ಎನ್ನುವವರು ಮತ್ತೊಂದಕ್ಕೆ. ಗೆದ್ದವರಿಗೆ ರೇಷ್ಮೆ ಸೀರೆ. ಶಿವಾನಿ ಒಳಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಗ ಪಡಸಾಲೆಯಲ್ಲಿ ಶಾರದವ್ವ ದೇವರ ಮುನಿಸಿನ ನಂಬರಿಗೆ ಮೂರು ಸಲ ಮಿಸ್ಡ್ ಕಾಲ್ ಕೊಟ್ಟಳು. ಓಣಿಯ ಹೆಂಗಸರು ಬಂದು, "ನಿಮ್ಮ ಸೊಸಿ ಅಗದಿ ಹೀರೋಯಿನ್ ಕಂಡಂಗ ಕಂಡ್ಲು" ಎಂದು ಹೊಗಳಿ, ಹೊರಗೆ ಹೋಗುತ್ತ, "ಬಸುರಿ ಕೈಯಾಗಿನವು ಹಂಗ ಉದರಿದ್ರ ಛಲೋ ಅಲ್ಲ ಬಿಡ" ಎಂದು ದನಿ ತಗ್ಗಿಸಿದರು.

ಶಿವಾನಿ ಊಟ ಬಿಟ್ಟಳು. ಬಿಟ್ಟಳು ಎಂದರೆ ಹಟದಿಂದಲ್ಲ. ತುತ್ತು ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಆಶಾ ಕಾರ್ಯಕರ್ತೆ ನಂದಾ ಬಂದು ನೋಡಿದಾಗ ತೂಕ ಏರುವ ಬದಲು ಇಳಿದಿತ್ತು. ಕೂಸಿನ ಎದೆಬಡಿತ ಸರಿಯಾಗಿಯೇ ಇತ್ತು. "ಕೂಸು ಆರಾಮ ಐತಿ, ನೀ ಉಣ್ಣವ್ವ" ಎಂದು ನಂದಾ ಎಷ್ಟು ಹೇಳಿದರೂ, "ಎರಡ ಸಲಾನೂ ಹಿಂಗ ಹೇಳಿದ್ರಿ ಅಕ್ಕಾರ" ಎಂದಷ್ಟೇ ಉತ್ತರ.

ಅತ್ತ ಯಮನೂರಿನಲ್ಲಿ ಬಾಷಾಬಿ ಬುಟ್ಟಿ ಮುಟ್ಟಿರಲಿಲ್ಲ. ಶಿವಾನಿ ಊಟ ಬಿಟ್ಟ ಸುದ್ದಿ ಕೇಳಿದ ಮೇಲೆ ತನ್ನ ಕೈಯೇ ಕೆಟ್ಟಿದೆ ಎಂದು ಆಕೆಯೂ ನಂಬಿದ್ದಳು. ದರ್ಗಾಕ್ಕೆ ಹೋಗಿ ಕೂತು ಬರುತ್ತಿದ್ದಳು. ಕುಬಸಕ್ಕೆ ಬಳಸಿದ ಮಲಾರದಲ್ಲಿ ಉಳಿದ ಬಳೆಗಳನ್ನು ಬೇರೆಯವರಿಗೆ ಇಡುವ ಪದ್ಧತಿ ಇಲ್ಲ; ಬೆಣ್ಣಿಹಳ್ಳದ ನೀರಿಗೆ ಬಿಡಬೇಕು. ಬಿಡಲೆಂದು ಒಂದು ಮಧ್ಯಾಹ್ನ ಅದನ್ನು ಬುಟ್ಟಿಯಿಂದ ತೆಗೆದಳು. ಮನೆಯಲ್ಲಿ ಯಾರೂ ಇರಲಿಲ್ಲ. ರೂಢಿಯಂತೆ ಬೆರಳು ತಾನಾಗಿ ಒಂದನ್ನು ತಟ್ಟಿತು. ಟಕ್ ಎಂದಿತು, ಮಣ್ಣಿನ ಚೂರು ತಟ್ಟಿದ ಹಾಗೆ. ಇನ್ನೊಂದನ್ನು ತಟ್ಟಿದಳು. ಅದೂ ಟಕ್. ಒಂದು ಮಲಾರದಲ್ಲಿ ಒಂದೆರಡು ಸತ್ತ ಬಳೆ ಇರುವುದುಂಟು, ಎಲ್ಲವೂ ಸತ್ತಿರುವುದಿಲ್ಲ. ಬಿಸಿಲಿಗೆ ಹಿಡಿದು ನೋಡಿದಳು. ಪ್ರತಿಯೊಂದು ಬಳೆಯನ್ನೂ ಮೂರು ಕಡೆ ನೆಟ್ಟಗೆ ಕತ್ತರಿಸಿ, ನೀರಿನ ಬಣ್ಣದ ಅಂಟಿನಿಂದ ಮತ್ತೆ ಕೂಡಿಸಿದ್ದರು.

ಆಕೆ ಬಳೆಗಳನ್ನು ಹಳ್ಳಕ್ಕೆ ಬಿಡಲಿಲ್ಲ. ಅವುಗಳನ್ನೂ ತನ್ನ ಒಂದಿಷ್ಟು ಹಸಿರು ಬಳೆಗಳನ್ನೂ ಸೆರಗಿನಲ್ಲಿ ಬೇರೆ ಬೇರೆ ಗಂಟು ಕಟ್ಟಿಕೊಂಡು ತಿರ್ಲಾಪುರದ ಸಂಜೆಯ ಬಸ್ಸು ಹತ್ತಿದಳು.

ವ್ಯಾನು ಬಸ್ ನಿಲ್ದಾಣದ ಹತ್ತಿರವೇ ನಿಂತಿತ್ತು. ಸುದೀಪ ಚಹಾ ಕುಡಿಯುತ್ತಿದ್ದ. ಆಕೆಯನ್ನು ನೋಡಿ ಖುಷಿಯಿಂದ ಎದ್ದು ನಿಂತ.

"ಅಮ್ಮಾ! ಬನ್ನಿ ಬನ್ನಿ, ಚಹಾ ತಗೊಳ್ಳಿ."

"ಚಾ ಬ್ಯಾಡ ತಮ್ಮಾ. ಈ ಬಳಿ ಯಾರ ಕತ್ತರಿಸ್ಯಾರ?"

ಸುದೀಪ ನಕ್ಕ. "ನಮ್ಮ ಆರ್ಟ್ ಡಿಪಾರ್ಟ್‌ಮೆಂಟು. ಸೂಪರಾಗಿ ವರ್ಕ್ ಆಯ್ತು ಅಲ್ವಾ?"

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮ ಮುಖದಲ್ಲೇ ಗೊತ್ತಾಗ್ಬಿಡ್ತಿತ್ತು. ಜನರ ಗಾಬರಿ ನಿಜವಾಗಿರಬೇಕಿತ್ತು ಅಮ್ಮ. ದುಡ್ಡು ಕೊಟ್ಟು ಕರೆಸಿದ ಜೂನಿಯರ್ ಆರ್ಟಿಸ್ಟ್‌ಗಳ ಹತ್ರ ಅದು ಬರಲ್ಲ."

"ಶಿವಾನಿ ಗಾಬರಿನೂ ಬೇಕಾಗಿತ್ತೇನು?"

"ಅಯ್ಯೋ, ಅದು ನಾವು ಅಂದುಕೊಂಡಿದ್ದಲ್ಲ. ಅವರಿಗೆ ನಿಮ್ಮ ಬಳೆ ಇಡಿ ಅಂತ ತಾನೇ ನಾನು ಹೇಳಿದ್ದು?" ಇದು ನಿಜವೇ ಆಗಿತ್ತು. ಅವನು ಮುಂದುವರಿಸಿದ. "ಆದ್ರೆ ಅದೃಷ್ಟ ನೋಡಿ! ಇಡೀ ಪ್ರೋಮೋ ನಿಂತಿರೋದೇ ಆ ಹುಡುಗಿ ಮುಖದ ಮೇಲೆ."

"ಆ ಹುಡುಗಿ ಉಣ್ಣೂದ ಬಿಟ್ಟಾಳ. ಎರಡ ಕೂಸು ಹ್ವಾದಾಕಿ ಅಕಿ. ನನ್ನ ಮಾತ ಯಾರೂ ನಂಬೂದಿಲ್ಲ ಈಗ. ನೀ ಬಂದು ಒಂದ ಮಾತ ಹೇಳು, ನಾವ ಕತ್ತರಿಸಿದ್ದು, ದೇವರದೂ ಅಲ್ಲ ದೃಷ್ಟಿದೂ ಅಲ್ಲ ಅಂತ. ಅಲ್ಲೇ ಐತಿ ಮನಿ, ಎರಡ ಹೆಜ್ಜಿ."

ಸುದೀಪನ ಮುಖ ಕ್ಷಣ ಹೊತ್ತು ಬಾಡಿತು. ಅವನು ಕಲ್ಲಲ್ಲ. ಲೋಟ ಕೆಳಗಿಟ್ಟು, ಮೊಬೈಲು ನೋಡಿ, ತಲೆ ಕೆರೆದುಕೊಂಡ. "ಕಷ್ಟ ಅಮ್ಮ. ಬಳೆ ಯಾಕೆ ಒಡೀತು ಅನ್ನೋದೇ ನಮ್ಮ ಸಸ್ಪೆನ್ಸು. ಉತ್ತರ ಬರೋ ಎಪಿಸೋಡ್ ತನಕ ನಾವ್ಯಾರೂ ಬಾಯಿ ಬಿಡೋ ಹಾಗಿಲ್ಲ, ಕರಾರಿದೆ." ಆಮೇಲೆ ಏನೋ ಹೊಳೆದಂತೆ ಕಣ್ಣು ಅರಳಿತು. "ಅವರು ನಿಜವಾಗ್ಲೂ ಊಟ ಬಿಟ್ಟಿದ್ದಾರಾ? ಮಲಗಿದ್ದಲ್ಲೇ ಎರಡು ನಿಮಿಷ ಶೂಟ್ ಮಾಡ್ಬಹುದಾ? ಶಾಂಭವಿಗಾಗಿ ಅನ್ನ ಬಿಟ್ಟ ಅಭಿಮಾನಿ ಅಂತ ಹಾಕೋಣ. ಅವರ ಮನೆಯವರನ್ನ ನೀವು ಒಪ್ಪಿಸಿ."

ಬಾಷಾಬಿಗೆ ಎಲೆ ಅಡಿಕೆಯ ಚಟವಿಲ್ಲ. ಆದರೂ ರಸ್ತೆಯ ಬದಿಗೆ ತಿರುಗಿ ಬಾಯಿ ತುಂಬ ಉಗುಳಿದಳು. ಮತ್ತೊಂದು ಮಾತಾಡದೆ ಶಾರದವ್ವನ ಮನೆಯ ಕಡೆ ನಡೆದಳು.

ಅಲ್ಲಿ ಪಡಸಾಲೆಯ ಟಿವಿಯಲ್ಲಿ ಏಳರ ಧಾರಾವಾಹಿ ಶುರುವಾಗಿತ್ತು. ಶಾರದವ್ವ ಹೊಸ್ತಿಲ ಒಳಗೇ ಕೂತು ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಂದರ ಬಾಷಾಬಿ. ನಿನ್ನ ಕೈ ನಮ್ಮ ಮನಿಗೆ ಬ್ಯಾಡ ಇನ್ನ."

"ಕೈ ಬ್ಯಾಡಾದ್ರ ಬಿಡ. ಕಿವಿ ಕೊಡ ಒಂದೀಟು. ಟಿವಿ ಬಂದ್ ಮಾಡು, ಒಂದು ಸಪ್ಪಳ ಕೇಳಸ್ತೀನಿ."

"ಶಾಂಭವಿ ಅತ್ತಿ ಈಗ ಸ್ವಾಮಿ ಕಡೆ ಹೊಂಟಾಳ. ಜಾಹೀರಾತು ಬರಲಿ ತಡಿ."

"ನಿನ್ನ ಸೊಸಿ ಒಳಗ ಒಣಗಿ ಹೊಂಟಾಳ, ನಿನಗ ಅವರ ಅತ್ತಿ ಚಿಂತಿ!"

"ನನ್ನ ಸೊಸಿ ಚಿಂತಿ ಮಾಡಾಕೀನ ನಾ! ಅದಕ್ಕ ದಿನಾ ನೋಡ್ತೀನಿ, ಆ ಬಳಿ ಯಾಕ ಒಡದ್ವು ಅಂತ ತಿಳಿಲಿ ಅಂತ. ಅಲ್ಲಿ ತಿಳದ್ರ ಇಲ್ಲೀದೂ ತಿಳಿತೈತಿ."

ಶಾರದವ್ವ ಇದನ್ನು ತಮಾಷೆಗೆ ಹೇಳಲಿಲ್ಲ. ಸೊಸೆಯ ಹೊಟ್ಟೆಯಲ್ಲಿರುವ ಕೂಸಿನ ಗತಿಯನ್ನು ಆಕೆ ನಿಜಕ್ಕೂ ಆ ಪರದೆಯಲ್ಲಿ ಹುಡುಕುತ್ತಿದ್ದಳು. ಕಂಪನಿಯವರಿಗೆ ಬೇಕಾಗಿದ್ದದ್ದೂ ಸರಿಯಾಗಿ ಇದೇ. ಹೆಚ್ಚುಕಡಿಮೆ ಇದನ್ನೇ ಅವರು ಬಾಂಧವ್ಯ ಎಂದು ಕರೆಯುತ್ತಾರೆ.

ಜಾಹೀರಾತು ಬಂತು. ಬಂದದ್ದು ಅದೇ ಪ್ರೋಮೋ. ಗುಡುಗಿನ ಸದ್ದು, ಶಿವಾನಿಯ ಮುಖ, ಕೆಂಪು ಅಕ್ಷರ. ಬಾಷಾಬಿ ಹೊಸ್ತಿಲ ಹೊರಗೆ ನಿಂತು ಗದ್ದಲದ ಮೇಲೆ ಕೂಗಿದಳು. "ಶಿವಾನಿ, ತಂಗೀ! ಆ ಬಳಿ ಅವರ ಕತ್ತರಿಸಿ ತಂದಿದ್ದು. ಒಂದು ಘಳಿಗಿ ಹೊರಗ ಬಾರ ಬೇ!"

ಒಳಕೋಣೆಯ ಬಾಗಿಲಲ್ಲಿ ಶಿವಾನಿ ಬಂದು ನಿಂತಳು. ಪರದೆಯ ಮೇಲೆ ತನ್ನದೇ ಮುಖ ನೋಡಿದಳು. ಗೋಡೆ ಹಿಡಿದುಕೊಂಡು ಟಿವಿಯ ಹತ್ತಿರ ಹೋಗಿ ವಾಯರನ್ನು ಬುಡದಿಂದ ಕಿತ್ತಳು.

"ಅಯ್ಯ, ಹಾಳ ಮಾಡಿದ್ಯಲ್ಲ!" ಎಂದಳು ಶಾರದವ್ವ.

"ಇರಲಿ ಬಿಡ್ರಿ ಅತ್ತಿ," ಎಂದಳು ಶಿವಾನಿ. ಎಷ್ಟೋ ದಿನಗಳಲ್ಲಿ ಆಕೆ ಆಡಿದ ಮೊದಲ ಗಟ್ಟಿ ಮಾತು ಅದು. "ಚಾಚಿ, ಒಳಗ ಬರ್ರಿ."

ಮನೆಯಲ್ಲಿ ಸದ್ದಿರಲಿಲ್ಲ. ಹಿತ್ತಲಲ್ಲಿ ಎಮ್ಮೆ ಮೇವು ಎಳೆಯುವುದು ಕೇಳುತ್ತಿತ್ತು. ಬಾಷಾಬಿ ತನ್ನ ಕೈಯ ಬಳೆಯೊಂದನ್ನು ತೆಗೆದು ಶಿವಾನಿಯ ಕಿವಿಯ ಹತ್ತಿರ ತಟ್ಟಿದಳು. ಗುಂಯ್ ಎಂದಿತು. ಕಂಪನಿಯ ಬಳೆ ತಟ್ಟಿದಳು. ಟಕ್. ಶಿವಾನಿ ಬಳೆಯನ್ನು ತಾನೇ ತೆಗೆದುಕೊಂಡು ತಟ್ಟಿದಳು. ಮತ್ತೊಂದನ್ನು ತಟ್ಟಿದಳು. ಆಕೆಯ ಕಣ್ಣಿನಲ್ಲಿ ಇನ್ನೂ ಅನುಮಾನವಿತ್ತು. ಬಾಷಾಬಿ ಬಳೆಯನ್ನು ಕೈಯಿಂದ ಮುರಿದು ತೋರಿಸಬಹುದಿತ್ತು. ಆದರೆ ಬಳೆ ಇಡುವ ಕೈ ಬಳೆ ಮುರಿಯುವುದಿಲ್ಲ. "ಒಂದು ವಾಟಗಾ ಬಿಸಿನೀರು ತಾ ಶಾರದವ್ವಾ," ಎಂದಳು.

ಶಾರದವ್ವ ಗೊಣಗುತ್ತ ಒಲೆಯ ಮೇಲಿನ ನೀರು ತಂದಳು. ಬಾಷಾಬಿ ಕಂಪನಿಯ ಬಳೆಯನ್ನು ಅದರಲ್ಲಿ ಬಿಟ್ಟಳು. ಮೂವರೂ ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅಂಟು ಬಿಳಿಚಿ ನೂಲಿನಂತೆ ಎದ್ದಿತು. ಯಾರೂ ಮುಟ್ಟದೆ ಬಳೆ ಮೂರು ತುಂಡಾಗಿ ಬಿಚ್ಚಿಕೊಂಡಿತು. ಮೂರೂ ಸಮ, ತುದಿಗಳು ನೆಟ್ಟಗೆ. ತಾನಾಗಿ ಒಡೆದ ಗಾಜಿನ ತುದಿ ಎಂದೂ ಹಾಗೆ ನೆಟ್ಟಗಿರುವುದಿಲ್ಲ.

ಶಾರದವ್ವ ಬಹಳ ಹೊತ್ತು ವಾಟಗದೊಳಗೆ ನೋಡಿದಳು. "ಅಂಟ ಹಚ್ಯಾರಲ್ಲ ಮೂಳಗೋಳು," ಎಂದಳು ಕೊನೆಗೆ. "ಬಸುರಿ ಕೈಗೆ!"

ಶಿವಾನಿ ಅತ್ತಳು. ಅಳು ಮುಗಿದ ಮೇಲೆ, "ನನ್ನ ಅಳಸಿ ಮಾರ್ಯಾರಲ್ಲ ಚಾಚಿ," ಎಂದಳು. "ಅದೂ ದಿನಾ."

"ಹೌದವ್ವ. ನನ್ನ ಕೈಲೆ ಮಾಡಸ್ಯಾರ. ನಾ ಅವ ಹೇಳಿದಂಗ ನಿನಗ ನನ್ನ ಬಳಿ ಇಟ್ಟಿದ್ರ ಇದ್ಯಾವುದೂ ಆಗತಿದ್ದಿಲ್ಲ. ನಿನ್ನ ಪಾಲ ಹೋದೀತು ಅಂತ ಅಂಜಿದೆ."

"ಯಾರ ಪಾಲು? ಅಕಿ ಹೊಟ್ಟ್ಯಾಗ ದಿಂಬ ಇತ್ತರಿ," ಎಂದು ಶಿವಾನಿ ಹೇಳಿದಳು. ಹೇಳಿ, ಕೆನ್ನೆ ಒದ್ದೆಯಿದ್ದಂತೆಯೇ ನಕ್ಕಳು. ಬಾಷಾಬಿಗೂ ನಗು ತಡೆಯಲಾಗಲಿಲ್ಲ. ನಗು ನಿಂತ ಮೇಲೆ ಬಾಷಾಬಿ ಸೆರಗಿನ ಇನ್ನೊಂದು ಗಂಟಿನಿಂದ ತನ್ನ ಬಳೆಗಳನ್ನು ತೆಗೆದು, ಒಂದೊಂದನ್ನೂ ಶಿವಾನಿಗೆ ಕೇಳಿಸಿ ಕೇಳಿಸಿ ಇಟ್ಟಳು. ಅವತ್ತು ಶಿವಾನಿ ಒಂದೂವರೆ ರೊಟ್ಟಿ, ಬದನೆಕಾಯಿ ಪಲ್ಯ ತಿಂದಳು. ಆಕೆ ಕೈ ತೊಳೆಯುವ ಹೊತ್ತಿಗೆ ಶಾರದವ್ವ ಮೆಲ್ಲಗೆ, "ಆತಲ್ಲ, ಇನ್ನ ವಾಯರ ಹಚ್ಚಲಿ? ಶಾಂಭವಿ ಏನಾದ್ಲೋ" ಎಂದಳು.

ಆ ಸೋಮವಾರ ಉತ್ತರ ಬರಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ಬಳೆ ಒಡೆದದ್ದೇಕೆ ಎಂಬ ಪ್ರಶ್ನೆಯನ್ನು ವಾಹಿನಿಯವರು ಎರಡು ತಿಂಗಳು ಎಳೆದರು. ಆ ಎರಡು ತಿಂಗಳೂ ಶಿವಾನಿಯ ಮುಖ ಬರುತ್ತಲೇ ಇತ್ತು. ಈರೇಶ ಕಂಪನಿಗೆ ಫೋನ್ ಮಾಡಿ ತೆಗೆಯಿರಿ ಎಂದ. ವೇದಿಕೆ ಹತ್ತುವ ಮೊದಲು ಶಿವಾನಿ ಒಪ್ಪಿ ಸಹಿ ಮಾಡಿದ್ದಾಳೆ ಎಂದು ಉತ್ತರ ಬಂತು. ಇತ್ತ ಬಾಷಾಬಿ ಬುಟ್ಟಿ ಹೊತ್ತು ಹೋದಲ್ಲೆಲ್ಲ ಬಿಸಿನೀರು ಕೇಳಿ ಮಿಕ್ಕ ಬಳೆಗಳನ್ನು ತೋರಿಸಿದಳು. ನೋಡಿದವರು ಬೈದರು, ಥೂ ಎಂದರು. ಏಳು ಗಂಟೆಗೆ ಮತ್ತೆ ಟಿವಿ ಹಚ್ಚಿದರು. ಕೆಲವು ಮನೆಗಳಲ್ಲಿ ಆಕೆಯನ್ನು ಕುಬಸಕ್ಕೆ ಕರೆಯುವುದನ್ನೂ ಬಿಟ್ಟರು. ಮೋಸ ಕಂಪನಿಯದಾದರೂ ಇಟ್ಟ ಕೈ ಇದೇ ತಾನೆ, ಶಿವಾನಿಯದು ಏನಾಗುತ್ತದೋ ನೋಡೋಣ ಎಂದರು. ಆಕೆ ಅದಕ್ಕೆ ಜಗಳ ಮಾಡಲಿಲ್ಲ. ಆಕೆಗೂ ಅದನ್ನೇ ನೋಡಬೇಕಿತ್ತು.

ಏಪ್ರಿಲ್ ಕೊನೆಯ ವಾರ, ಬಾಷಾಬಿ ಮಾಲು ತರಲು ನವಲಗುಂದಕ್ಕೆ ಹೋಗಿದ್ದಾಗ ಈರೇಶನ ಫೋನ್ ಬಂತು. ಶಿವಾನಿಯನ್ನು ಬೆಳಿಗ್ಗೆಯೇ ಅಲ್ಲಿಯ ಸರಕಾರಿ ದವಾಖಾನೆಗೆ ಸೇರಿಸಿದ್ದರು. ಎಮ್ಮೆ ಹಿಂಡಿ, ಬಾಣಂತಿಗೆ ಅರಿವೆ ತರುತ್ತೇನೆಂದು ಶಾರದವ್ವ ಮಧ್ಯಾಹ್ನ ಊರಿಗೆ ಹೋದವಳು ತಿರುಗಿ ಬಂದಿರಲಿಲ್ಲ. "ಅವ್ವ ಫೋನ್ ಎತ್ತವಲ್ಲಳು ಚಾಚಿ. ಹತ್ತ ಸಲ ಮಾಡೇನಿ. ನಾ ಶಿವಾನೀನ ಬಿಟ್ಟ ಬರಾಕಾಗೂದಿಲ್ಲ."

ಬಾಷಾಬಿ ದವಾಖಾನೆಗೆ ಹೋದಳು. ನರ್ಸ್ ಕೂಸನ್ನು ತಕ್ಕಡಿಯ ಮೇಲೆ ಇಡುವುದನ್ನು ನಿಂತು ನೋಡಿದಳು. ಶಿವಾನಿಯ ತಲೆ ಸವರಿದಳು. ಆಮೇಲೆ ಸಿಕ್ಕ ಬಸ್ಸು ಹತ್ತಿ ತಿರ್ಲಾಪುರದಲ್ಲಿ ಇಳಿದಾಗ ಏಳು ದಾಟಿತ್ತು.

ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಬಾಗಿಲುಗಳೆಲ್ಲ ತೆರೆದಿದ್ದವು. ಅವತ್ತು ಮಹಾಸಂಚಿಕೆ, ಬಳೆಯ ಗುಟ್ಟು ಬಯಲಾಗುವ ದಿನ. ಎಲ್ಲ ಮನೆಯಿಂದಲೂ ಒಂದೇ ಮಾತು, ಒಂದೇ ಅಳು ಕೇಳುತ್ತಿತ್ತು. ಬಾಷಾಬಿ ಓಣಿಯ ಈ ತುದಿಯಿಂದ ಆ ತುದಿಗೆ ನಡೆದರೆ ಧಾರಾವಾಹಿಯ ಒಂದು ಮಾತೂ ತಪ್ಪುತ್ತಿರಲಿಲ್ಲ. ಶಾರದವ್ವ ಪಡಸಾಲೆಯಲ್ಲಿ ಕೂತಿದ್ದಳು. ಬಾಣಂತಿಯ ಅರಿವೆಯ ಗಂಟು ಕಟ್ಟಿ ಬಾಜು ಇಟ್ಟುಕೊಂಡಿದ್ದಳು. ಪರದೆಯ ಮೇಲೆ ಶಾಂಭವಿ ಆಸ್ಪತ್ರೆಯ ಹಾಸಿಗೆಯಲ್ಲಿ ಹೊಟ್ಟೆ ಹಿಡಿದುಕೊಂಡು ಚೀರುತ್ತಿದ್ದಳು. ಆಕೆಯ ಕೂಸು ಹೋಗಿತ್ತು.

"ಶಾರದವ್ವಾ," ಎಂದಳು ಬಾಷಾಬಿ.

ಶಾರದವ್ವ ತಿರುಗದೆ ಕೈ ಎತ್ತಿದಳು. "ಒಂದ ನಿಮಿಷ ತಡಿ. ಹೋತ ನೋಡ ಪಾಪ, ಅಕಿದು ಹೋತು." ಆಕೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಬಾಷಾಬಿ ಮತ್ತೆ ಕರೆಯಲಿಲ್ಲ. ಹೊಸ್ತಿಲು ಇಳಿದು ಓಣಿಯ ನಟ್ಟನಡುವೆ ಬಂದು ನಿಂತಳು. ನಾಲ್ಕು ದಶಕ ಬಳೆ ಬೇಕೇನ್ರವ್ವಾ ಎಂದು ಕೂಗಿ ಪಳಗಿದ ಗಂಟಲು ಅದು.

"ಶಿವಾನಿ ಹಡದಾಳ್ರವ್ವೋ! ಹೆಣ್ಣು! ತಾಯಿ ಕೂಸು ಇಬ್ಬರೂ ಆರಾಮ ಅದಾರ!"

ಒಂದು ಬಾಗಿಲಲ್ಲಿ ಒಂದು ತಲೆ ಕಂಡಿತು. ಇನ್ನೊಂದರಲ್ಲಿ ಇಬ್ಬರು. ಹಿಂದೆ ಟಿವಿ ಅಳುತ್ತಲೇ ಇತ್ತು. ಶಾರದವ್ವ ಅರಿವೆಯ ಗಂಟು ಎದೆಗೆ ಅವಚಿಕೊಂಡು ಬರಿಗಾಲಲ್ಲಿ ಹೊರಗೆ ಬಂದಳು. ಎದುರುಮನೆಯವಳು ಕೇಳಿದಳು: "ಖರೇನ ಬಾಷಾಬಿ? ಎಷ್ಟ ತೂಕ ಐತಿ?"

ಟಿವಿಗಳ ಸದ್ದು ಮೀರಿ ಕೇಳುವ ಹಾಗೆ, ಓಣಿಯ ಎರಡೂ ತುದಿಗೆ ಮುಖ ತಿರುಗಿಸಿ, ಬಾಷಾಬಿ ಹೇಳಿದಳು:

"ಎರಡು ಕಿಲೋ ಎಂಟನೂರಾ ಐವತ್ತು!"